ಮೂರು ಕಾಲಿನ ಲೆಕ್ಕಾಚಾರ

ತೋಟದ ಕೆಲಸಕ್ಕೆ ಹೋದವರು ಚಹಾ ಕಾಯಿಸಲು ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ನೆಲ ಎಷ್ಟೇ ಅಂಕುಡೊಂಕಾಗಿದ್ದರೂ ಮೂರು ಕಲ್ಲಿನ ಮೇಲೆ ಕೂತ ಪಾತ್ರೆ ಓಲಾಡುವುದಿಲ್ಲ. ಅದೇ ಅಂಗಳಕ್ಕೆ ನಾಲ್ಕು ಕಾಲಿನ ಮಂಚ ತಂದು ಹಾಕಿದರೆ ಒಂದು ಕಾಲಿನಡಿಗೆ ಕಾಗದ ಮಡಿಸಿ ಇಡಬೇಕಾಗುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ತಕರಾರು ಶುರುವಾಗುವುದು ನಾಲ್ಕನೆಯದರಿಂದ. ಕ್ಯಾಮೆರಾದ ಟ್ರೈಪಾಡು ನಿಂತಿರುವುದು ಇದೇ ಲೆಕ್ಕದ ಮೇಲೆ. ಆದರೆ ಒಲೆಯ ಕಲ್ಲು ಬಾಗುವುದಿಲ್ಲ. ಟ್ರೈಪಾಡಿನ ಕಾಲು ಬಾಗುತ್ತದೆ, ತಿರುಚಿಕೊಳ್ಳುತ್ತದೆ, ನಡುಗುತ್ತದೆ. ನಡುಗದಂತೆ ಮಾಡಲು ಹೋದರೆ ಭಾರವಾಗುತ್ತದೆ. ಭಾರವಾದದ್ದನ್ನು ಹೊತ್ತು ಗುಡ್ಡ ಹತ್ತುವವರು ಯಾರು? ಹೊರಾಂಗಣ ಛಾಯಾಗ್ರಹಣಕ್ಕೆ ಗಟ್ಟಿಯೂ ಹಗುರವೂ ಆದ ಟ್ರೈಪಾಡು ಯಾವುದು ಎಂಬ ಪ್ರಶ್ನೆ ಇಷ್ಟು ವರ್ಷವಾದರೂ ಬಗೆಹರಿಯದೆ ಉಳಿದಿರುವುದು ಈ ಎಳೆದಾಟದಿಂದ.

ನನ್ನ ಮೊದಲ ಟ್ರೈಪಾಡು ಸಾವಿರದ ಎಂಟುನೂರು ರೂಪಾಯಿಯದು. ಹೆಸರು ಬೇಡ. ಹಗುರ ಎಂದರೆ ಹಗುರ, ಕೈಯಲ್ಲಿ ಹಿಡಿದರೆ ಛತ್ರಿ ಹಿಡಿದಂತೆ. ಕೊಡಚಾದ್ರಿಯ ಸರ್ವಜ್ಞ ಪೀಠದ ಹತ್ತಿರ ಸಂಜೆಯ ಗಾಳಿಗೆ ಅದನ್ನು ಪೂರ್ತಿ ಎತ್ತರಿಸಿ ನಿಲ್ಲಿಸಿದ್ದೆ. ಕಾಲಿನ ಒಂದು ಪ್ಲಾಸ್ಟಿಕ್ ಲಾಕು ಟಕ್ ಎಂದಿತು. ಕ್ಯಾಮೆರಾ ಬೀಳುವ ಮುಂಚೆ ಪಕ್ಕದಲ್ಲಿದ್ದ ಗೆಳೆಯ ಅದರ ಪಟ್ಟಿಗೆ ಕೈಹಾಕಿ ಉಳಿಸಿದ. ಲಾಕು ಮುರಿದಿದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ಕಂಡದ್ದು. ಮುರಿಯುವ ಮೊದಲು ತೆಗೆದ ಚಿತ್ರಗಳೂ ಮಸುಕಾಗಿದ್ದವು. ಅಂದರೆ ಆ ಟ್ರೈಪಾಡು ಮುರಿಯದೆ ಇದ್ದಾಗಲೂ ಕೆಲಸ ಮಾಡುತ್ತಿರಲಿಲ್ಲ.

ಈಗಿನ ಕ್ಯಾಮೆರಾಗಳಿಗೆ ಟ್ರೈಪಾಡು ಬೇಕೇ ಎಂದು ಕೇಳುವವರಿದ್ದಾರೆ, ಅವರ ಪ್ರಶ್ನೆ ಹುರುಳಿಲ್ಲದ್ದಲ್ಲ. ಬೆಂಗಳೂರಿನ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರಿಗೆ, ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳ ಹಿಂದೆ ಬಿದ್ದ ಸಾಹಿತಿ ತೇಜಸ್ವಿಯವರಿಗೆ, ಫಿಲ್ಮಿನ ಕಾಲದಲ್ಲಿ ಬೆಳಕು ಬಲು ದುಬಾರಿ. ಹೆಸರುವಾಸಿಯಾದ ಕೊಡಾಕ್ರೋಮ್ ಫಿಲ್ಮಿನ ವೇಗ 25 ಅಥವಾ 64 ಐಎಸ್‌ಒ. ಇಂದು ಮೊದಲ ಕ್ಯಾಮೆರಾ ಕೊಂಡ ಹುಡುಗಿಯೂ ಯೋಚನೆಯಿಲ್ಲದೆ 3200, 6400 ಇಡುತ್ತಾಳೆ. ಸಾಲದ್ದಕ್ಕೆ ಕ್ಯಾಮೆರಾದೊಳಗೆ ಸೆನ್ಸರನ್ನೇ ಅತ್ತಿತ್ತ ಸರಿಸಿ ಕೈನಡುಕ ತಡೆಯುವ ವ್ಯವಸ್ಥೆ ಬಂದಿದೆ. ಅಗಲ ಲೆನ್ಸಿನಲ್ಲಿ ಅರ್ಧ ಸೆಕೆಂಡಿನ ಚಿತ್ರವನ್ನು ಕೈಯಲ್ಲೇ ತೆಗೆದು ಚೊಕ್ಕಟವಾಗಿ ತೋರಿಸುವವರನ್ನು ಕಂಡಿದ್ದೇನೆ. ಹಗಲಿನಲ್ಲಿ ಊರು ಸುತ್ತುತ್ತ, ಜಾತ್ರೆ ನೋಡುತ್ತ ಚಿತ್ರ ತೆಗೆಯುವವರು ಟ್ರೈಪಾಡಿನ ದುಡ್ಡನ್ನು ಒಳ್ಳೆಯ ಲೆನ್ಸಿಗೆ ಹಾಕಲಿ.

ಆದರೂ ಕೆಲವು ಕೆಲಸಗಳಿಗೆ ಬೇರೆ ದಾರಿಯಿಲ್ಲ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಮಲೆನಾಡಿನ ಕಾಡಂಚುಗಳಲ್ಲಿ ಮಿಂಚುಹುಳುಗಳು ಮರಕ್ಕೆ ಮರವೇ ಮಿನುಗುತ್ತವೆ. ಅದನ್ನು ಹಿಡಿಯುವುದು ಇಪ್ಪತ್ತು ಮೂವತ್ತು ಸೆಕೆಂಡಿನ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ. ನಡುವೆ ಕ್ಯಾಮೆರಾ ಕೂದಲೆಳೆಯಷ್ಟು ಕದಲಿದರೂ ಮರ ಎರಡಾಗುತ್ತದೆ. ಚಿತ್ರದುರ್ಗದ ಬಂಡೆಗಳ ಮೇಲಿನ ನಕ್ಷತ್ರಗಳಿಗೂ ಹೀಗೆಯೇ. 20 ಮಿ.ಮೀ. ಲೆನ್ಸಿಗೆ, 500ನ್ನು 20ರಿಂದ ಭಾಗಿಸಿ 25 ಸೆಕೆಂಡು ಎಂದು ಹಳಬರು ಹೇಳುವ ಲೆಕ್ಕವಿದೆ. ಅದಕ್ಕಿಂತ ಹೆಚ್ಚು ಹೊತ್ತು ಶಟರ್ ತೆರೆದಿಟ್ಟರೆ ಭೂಮಿ ತಿರುಗಿದ್ದು ಚಿತ್ರದಲ್ಲೇ ಕಾಣುತ್ತದೆ. ಜೋಗದ ನೀರನ್ನು ಹಾಲಿನಂತೆ ಮಾಡುವುದು, ಆಗುಂಬೆಯ ಇರುಳಿನಲ್ಲಿ ಎಲೆಯ ಮೇಲಿನ ಕಪ್ಪೆಗೆ ಕಣ್ಣಿನಿಂದ ಕಾಲಿನವರೆಗೆ ಇಷ್ಟಿಷ್ಟೇ ಫೋಕಸ್ ಸರಿಸುತ್ತ ಇಪ್ಪತ್ತು ಚಿತ್ರ ತೆಗೆಯುವುದು, ಇವೂ ಆ ಸಾಲಿನವೇ. ಇನ್ನೊಂದು ಲಾಭವನ್ನು ಅಂಗಡಿಯವರು ಹೇಳುವುದಿಲ್ಲ. ಟ್ರೈಪಾಡು ಮನುಷ್ಯನ ಆತುರ ಇಳಿಸುತ್ತದೆ. ಚೌಕಟ್ಟಿನ ಮೂಲೆಯಲ್ಲಿ ಇಣುಕುವ ಕರೆಂಟಿನ ತಂತಿ ಕಣ್ಣಿಗೆ ಬೀಳುವುದು ಕ್ಯಾಮೆರಾ ಒಂದೆಡೆ ನಿಂತ ಮೇಲೆ.

ಗಟ್ಟಿತನ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಮಾರಾಟದ ಕಾಗದಗಳು ಗೊಂದಲ ಹುಟ್ಟಿಸುವುದೇ ಇಲ್ಲಿ. 'ಹೊರುವ ಸಾಮರ್ಥ್ಯ 12 ಕೆ.ಜಿ.' ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಆ ಸಂಖ್ಯೆಯನ್ನು ಎಲ್ಲ ಕಂಪನಿಗಳೂ ಒಂದೇ ರೀತಿಯಲ್ಲಿ ಅಳೆಯುವುದಿಲ್ಲ. ಹನ್ನೆರಡು ಕಿಲೋ ಇಟ್ಟರೆ ಮುರಿಯುವುದಿಲ್ಲ ಎಂದಷ್ಟೇ ಅದರ ಅರ್ಥವಾಗಿದ್ದರೂ ಇರಬಹುದು. ನಮ್ಮ ಕ್ಯಾಮೆರಾ ಲೆನ್ಸು ಸೇರಿ ಎರಡು ಕಿಲೋ ಮೀರುವುದು ಅಪರೂಪ. ಹಾಗಾಗಿ ಮುರಿಯುತ್ತದೋ ಇಲ್ಲವೋ ಎಂಬುದಲ್ಲ, ಅಲುಗಿದ ಮೇಲೆ ಎಷ್ಟು ಬೇಗ ಸುಮ್ಮನಾಗುತ್ತದೆ ಎಂಬುದು ಮುಖ್ಯ. ಪೂರ್ಣ ಚೌಕಟ್ಟಿನ 24 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ 6 ಮೈಕ್ರಾನ್. 400 ಮಿ.ಮೀ. ಲೆನ್ಸು ಹಾಕಿದಾಗ, ಹತ್ತು ಸೆಂಟಿಮೀಟರ್ ಉದ್ದಕ್ಕೆ ಕ್ಯಾಮೆರಾದ ಒಂದು ತುದಿ ಒಂದೂವರೆ ಮೈಕ್ರಾನ್ ವಾಲಿದರೆ ಸಾಕು, ಚಿತ್ರ ಒಂದು ಪಿಕ್ಸೆಲ್ ಜಾರುತ್ತದೆ. ತಲೆಗೂದಲಿನ ದಪ್ಪದ ಹತ್ತಿರ ಹತ್ತಿರ ಐವತ್ತನೇ ಒಂದು ಪಾಲು ಅದು. ಗಾಳಿ ಬೇಕಿಲ್ಲ, ಬೆರಳಿನಿಂದ ಬಟನ್ ಒತ್ತಿದ್ದೇ ಸಾಕು. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಂತೂ ಒಳಗಿನ ಕನ್ನಡಿ ಏಳುವ ಪೆಟ್ಟೇ ಸೆಕೆಂಡಿನ ಮೂವತ್ತನೇ ಒಂದು ಭಾಗದಿಂದ ಒಂದು ಸೆಕೆಂಡಿನವರೆಗಿನ ಚಿತ್ರಗಳನ್ನು ಕೆಡಿಸುತ್ತಿತ್ತು. ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯುವ ಅಭ್ಯಾಸಕ್ಕೆ ಬೆಲೆಯಿಲ್ಲ, ತೂಕವೂ ಇಲ್ಲ.

ಕಾಲಿನ ಕೊಳವೆಗಳ ವಿಚಾರದಲ್ಲಿ ಭೌತಶಾಸ್ತ್ರ ದಾಕ್ಷಿಣ್ಯ ತೋರಿಸುವುದಿಲ್ಲ. ಗೋಡೆ ಅಷ್ಟೇ ತೆಳುವಾಗಿದ್ದು ಕೊಳವೆಯ ಅಡ್ಡಳತೆ ಅರ್ಧವಾದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಅರ್ಧವಾಗುವುದಿಲ್ಲ, ಎಂಟನೇ ಒಂದಕ್ಕೆ ಕುಸಿಯುತ್ತದೆ. 32 ಮಿ.ಮೀ. ಕಾಲಿಗೂ 22 ಮಿ.ಮೀ. ಕಾಲಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಬೆರಳಿನಷ್ಟೂ ಇಲ್ಲ, ಬಿಗುವಿನಲ್ಲಿ ಮೂರು ಪಟ್ಟು. ಉದ್ದದ ಲೆಕ್ಕವೂ ಹೀಗೆಯೇ, ಆದರೆ ನಮ್ಮ ಪರವಾಗಿ. ಅದೇ ಕೊಳವೆಯನ್ನು ಐದನೇ ಒಂದು ಪಾಲು ಗಿಡ್ಡ ಮಾಡಿದರೆ ಅದೇ ಹೊರೆಗೆ ಅದು ಬಾಗುವುದು ಅರ್ಧಕ್ಕೆ ಇಳಿಯುತ್ತದೆ, ಜೊತೆಗೆ ತೂಕವೂ ಇಳಿಯುತ್ತದೆ. ಇಷ್ಟು ತಿಳಿದ ಮೇಲೆ ನನಗೆ ಉಳಿದದ್ದು ಒಂದೇ ಮಾತು. ತೂಕ ಇಳಿಸಬೇಕೆ? ಎತ್ತರದಲ್ಲಿ ಇಳಿಸಿ, ದಪ್ಪದಲ್ಲಿ ಬೇಡ. ಪೇಟೆಯ 'ಟ್ರಾವೆಲ್' ಟ್ರೈಪಾಡುಗಳಲ್ಲಿ ಬಹುಪಾಲು ಮಾಡುವುದು ಇದರ ತಿರುವುಮುರುವು. ಎತ್ತರ ಉಳಿಸಿಕೊಂಡು ಕಾಲನ್ನು ಸಣಕಲು ಮಾಡುತ್ತವೆ, ಏಕೆಂದರೆ ಡಬ್ಬದ ಮೇಲೆ ಎತ್ತರ ಬರೆಯಲು ಬರುತ್ತದೆ, ನಡುಕ ಬರೆಯಲು ಬರುವುದಿಲ್ಲ.

ಕಾಲನ್ನು ಎಷ್ಟು ತುಂಡು ಮಾಡಬೇಕು ಎಂಬುದೂ ಇಲ್ಲಿಗೇ ಬಂದು ಸೇರುತ್ತದೆ. ಒಂದರೊಳಗೊಂದು ಜಾರಬೇಕಾದ್ದರಿಂದ ಪ್ರತಿ ತುಂಡಿಗೂ ಸುಮಾರು ಮೂರರಿಂದ ನಾಲ್ಕು ಮಿ.ಮೀ. ಸಣ್ಣಗಾಗಬೇಕು. 25 ಮಿ.ಮೀ.ನಿಂದ ಶುರುವಾದ ಐದು ತುಂಡಿನ ಕಾಲು ನೆಲ ಮುಟ್ಟುವ ಹೊತ್ತಿಗೆ ಕಿರುಬೆರಳಿನಷ್ಟಾಗಿರುತ್ತದೆ. ಮಡಿಸಿದರೆ ಒಂದು ಮೊಳಕ್ಕಿಂತ ಕಡಿಮೆ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಬಹುದು, ಅದು ನಿಜ. ಮೂರು ತುಂಡಿನದು ಗಟ್ಟಿ, ಬೇಗ ತೆರೆಯುತ್ತದೆ, ಆದರೆ ಬೈಕಿನ ಹಿಂದೆ ಕಟ್ಟಿದರೆ ಎರಡೂ ಕಡೆ ಚಾಚಿ ದನಕರುಗಳಿಗೆ ತಗಲುತ್ತದೆ. ನಾಲ್ಕು ತುಂಡು ಎಂಬುದು ರಾಜಿ. ನಾನು ಆ ರಾಜಿಗೆ ಒಪ್ಪಿದವನು.

ಮಧ್ಯದ ಕಂಬದ ಬಗ್ಗೆ ಕಡಿಮೆ ಹೇಳಿದಷ್ಟೂ ಒಳ್ಳೆಯದು. ಅದನ್ನು ಮೇಲೆತ್ತಿದ ಕೂಡಲೇ ಮೂರು ಕಾಲಿನ ಮೇಲೆ ಒಂಟಿಕಾಲು ನಿಲ್ಲಿಸಿದಂತಾಯಿತು. ಮೂರಕ್ಕೆ ಕೊಟ್ಟ ದುಡ್ಡು ಒಂದಕ್ಕೆ ಸೋತಿತು. ಟ್ರೈಪಾಡಿನ ಎತ್ತರ ಓದುವಾಗ ಕಂಬ ಇಳಿಸಿದಾಗಿನ ಅಳತೆಯನ್ನೇ ಓದಬೇಕು. 2019ರಲ್ಲಿ ಬಂದು ಬಹಳ ಸುದ್ದಿ ಮಾಡಿದ ಪೀಕ್ ಡಿಸೈನ್ ಕಂಪನಿಯ ಟ್ರಾವೆಲ್ ಟ್ರೈಪಾಡು ಕಂಬ ಏರಿಸಿದರೆ 152 ಸೆಂ.ಮೀ., ಇಳಿಸಿದರೆ 130. ನಾನು ನಂಬುವುದು ಎರಡನೆಯ ಸಂಖ್ಯೆಯನ್ನು. ಕಂಬವನ್ನು ಕಳಚಿಡಲು ಬರುವ ಟ್ರೈಪಾಡಾದರೆ ಇನ್ನೂ ಲೇಸು. ಕಾಲುಗಳನ್ನು ಪೂರ್ತಿ ಚಾಚಿ ನೆಲಕ್ಕೆ ಮಲಗಿಸಬಹುದು, ಕಪ್ಪೆಯ ಕಣ್ಣಿನ ಮಟ್ಟಕ್ಕೆ ಇಳಿಯಬಹುದು.

ಹಾಗಾದರೆ ಎಷ್ಟು ಎತ್ತರ ಬೇಕು? ಐದೂವರೆ ಅಡಿ ಆಳಿನ ಕಣ್ಣು ನೆಲದಿಂದ ಸುಮಾರು 157 ಸೆಂ.ಮೀ. ಮೇಲಿರುತ್ತದೆ. ಅದರಲ್ಲಿ ಕಾಲುಗಳ ಮೇಲೆ ಕ್ಯಾಮೆರಾ ಹಿಡಿದುಕೊಳ್ಳುವ ಹೆಡ್ಡಿಗೆ ಹತ್ತು, ಕ್ಯಾಮೆರಾದ ತಳದಿಂದ ಕಿಂಡಿಯವರೆಗೆ ಏಳೆಂಟು ಕಳೆದರೆ, ಬರಿಯ ಕಾಲು 140ರ ಒಳಗಿದ್ದರೂ ನೆಟ್ಟಗೆ ನಿಂತು ನೋಡಬಹುದು. ಸಮನೆಲದಲ್ಲಿ ಇದು ಸಾಕು. ಚಾರ್ಮಾಡಿಯಂಥ ಇಳಿಜಾರಿನಲ್ಲಿ ಕೆಳಗಿನ ಕಾಲುಗಳು ಇನ್ನಷ್ಟು ಉದ್ದವಾಗಬೇಕಾಗುತ್ತದೆ ಎಂದು ವಾದಿಸುವವರಿದ್ದಾರೆ. ಸರಿ, ಆದರೆ ಇಳಿಜಾರಿನಲ್ಲಿ ನಾವೂ ಕೂರಬಹುದಲ್ಲ? ಈಗಿನ ಕ್ಯಾಮೆರಾಗಳ ಪರದೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಎದೆಮಟ್ಟದಲ್ಲಿ, ಸೊಂಟದ ಮಟ್ಟದಲ್ಲಿ ಇಟ್ಟು ಬಗ್ಗಿ ನೋಡಿದರೆ ಆಯಿತು. ಭೂದೃಶ್ಯದ ಒಳ್ಳೆಯ ಚಿತ್ರಗಳಲ್ಲಿ ಎಷ್ಟೋ ಹುಲ್ಲಿನ ಮಟ್ಟದಿಂದ ತೆಗೆದವು. ಕಣ್ಣಿನ ಮಟ್ಟ ಎಂಬುದು ನಮ್ಮ ಸೋಮಾರಿತನದ ಮಟ್ಟ.

ಈಗ ಎಲ್ಲರೂ ಮೊದಲಿಗೇ ಕೇಳುವ ಪ್ರಶ್ನೆ. ಅಲ್ಯೂಮಿನಿಯಮ್ಮೋ, ಕಾರ್ಬನ್ ಫೈಬರೋ? ಟ್ರೈಪಾಡಿಗೆ ಕಾರ್ಬನ್ ಬಂದದ್ದು 1994ರಲ್ಲಿ, ಗಿಟ್ಜೊ ಕಂಪನಿಯಿಂದ. ಆರ್ಸೆನ್ ಗಿಟ್ಜೊವೆನ್ ಎಂಬಾತ 1917ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಈ ಕಂಪನಿ ಆಮೇಲೆ ಇಟಲಿಯ ಮ್ಯಾನ್‌ಫ್ರೊಟ್ಟೊದ ಜೊತೆ ಒಂದೇ ಮನೆಯದಾಯಿತು. ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಕಾರ್ಬನ್ ಫೈಬರ್ ಸುಮಾರು 1.6. ಕಾಗದದ ಮೇಲೆ ದೊಡ್ಡ ಅಂತರ. ಆದರೆ ಟ್ರೈಪಾಡೆಂದರೆ ಬರೀ ಕೊಳವೆಯಲ್ಲ. ತಲೆಯ ಗುಬುಟು, ಲಾಕು, ತಿರುಪು ಎಲ್ಲ ಲೋಹದವೇ. ಹಾಗಾಗಿ ಮ್ಯಾನ್‌ಫ್ರೊಟ್ಟೊದ 055 ಮಾದರಿ ಅಲ್ಯೂಮಿನಿಯಮ್ಮಿನಲ್ಲಿ ಎರಡೂವರೆ ಕಿಲೋ ಇದ್ದರೆ ಕಾರ್ಬನ್ನಿನಲ್ಲಿ ಎರಡು. ಮೇಲೆ ಹೇಳಿದ ಪೀಕ್ ಡಿಸೈನಿನಲ್ಲಿ ವ್ಯತ್ಯಾಸ ಮುನ್ನೂರು ಗ್ರಾಂ ಆಸುಪಾಸು, ಬೆಲೆ ಮಾತ್ರ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟು. ಮುನ್ನೂರು ಗ್ರಾಂ ಅಂದರೆ ಒಂದು ಲೋಟ ನೀರು ಮತ್ತು ಒಂದು ಬಾಳೆಹಣ್ಣು. ಕುದುರೆಮುಖ ಹತ್ತುವಾಗ ಅದೂ ಲೆಕ್ಕಕ್ಕೆ ಬರುತ್ತದೆ ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಸಣಕಲು ಕಾರ್ಬನ್ನಿಗೂ ದಪ್ಪ ಅಲ್ಯೂಮಿನಿಯಮ್ಮಿಗೂ ಒಂದೇ ಬೆಲೆ ಇದ್ದಾಗ ಹೆಸರಿಗೆ ಮರುಳಾಗಿ ಸಣಕಲನ್ನು ತರಬಾರದು.

ಕಾರ್ಬನ್ನಿನ ನಿಜವಾದ ಗುಣ ತೂಕಕ್ಕಿಂತಲೂ ನಡುಕವನ್ನು ಬೇಗ ನುಂಗಿಕೊಳ್ಳುವುದು. ಆ ವಿದ್ಯೆಯಲ್ಲಿ ಮರ ಅದಕ್ಕೂ ಹಿರಿಯ. ರಸ್ತೆ ಅಳೆಯುವ ಸರ್ವೆಯವರ ಮುಕ್ಕಾಲಿಗಳು ಬಹುಕಾಲ ಮರದವೇ ಆಗಿದ್ದದ್ದು ಸುಮ್ಮನೆ ಅಲ್ಲ. ಜರ್ಮನಿಯ ಬರ್ಲೆಬಾಖ್ ಕಂಪನಿ 1898ರಿಂದ ಬಂದದ್ದು, ಇಂದಿಗೂ ಮರದ ಟ್ರೈಪಾಡು ಮಾಡುತ್ತದೆ. ಸುಂದರ ವಸ್ತು, ಹೊತ್ತು ನಡೆಯುವವರಿಗಲ್ಲ. ಬಳಕೆಯಲ್ಲಿ ಇನ್ನೆರಡು ವ್ಯತ್ಯಾಸಗಳಿವೆ. ಪೆಟ್ಟು ಬಿದ್ದರೆ ಅಲ್ಯೂಮಿನಿಯಂ ತಗ್ಗಾಗುತ್ತದೆ, ಕಾರ್ಬನ್ ಸೀಳುತ್ತದೆ. ಏಪ್ರಿಲ್ಲಿನ ಹಂಪಿಯ ಬಿಸಿಲಲ್ಲಿ ಅಲ್ಯೂಮಿನಿಯಂ ಕಾಲು ಮುಟ್ಟಿದವರಿಗೆ ಮೇಲುಕಾಲಿಗೆ ಫೋಮು ಏಕೆ ಸುತ್ತುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ಕಾರ್ಬನ್ ಕೂಡ ವಿದ್ಯುತ್ ಹರಿಯಬಿಡುವ ವಸ್ತುವೇ ಎಂಬುದನ್ನು ಗುಡ್ಡದ ತುದಿಯಲ್ಲಿ ಸಿಡಿಲಿನ ಚಿತ್ರ ತೆಗೆಯಲು ಹೊರಟವರು ನೆನಪಿಟ್ಟುಕೊಳ್ಳಲಿ.

ಹೆಡ್ಡಿನ ವಿಷಯದಲ್ಲಿ ಜನ ಜಿಪುಣರಾಗುತ್ತಾರೆ. ಕಾಲಿಗೆ ಇಪ್ಪತ್ತು ಸಾವಿರ ಸುರಿದು, ಅದರ ಮೇಲೆ ಹಿಡಿ ಬಿಗಿಮಾಡಿದ ಮೇಲೂ ಮೂಗು ತಗ್ಗಿಸುವ ಹೆಡ್ಡು ಕೂರಿಸುತ್ತಾರೆ. ಹೊರಗೆ ಓಡಾಡುವವರಿಗೆ ಬಾಲ್ ಹೆಡ್ ಸಾಕು. ಮುನ್ನೂರರಿಂದ ಐನೂರು ಗ್ರಾಮಿನೊಳಗೆ ಒಳ್ಳೆಯವು ಸಿಗುತ್ತವೆ. ಮೂರು ಹಿಡಿಯ ಹಳೆಯ ನಮೂನೆಯ ಹೆಡ್ಡು ಕಟ್ಟಡಗಳಿಗೆ, ನಿಧಾನದ ಕೆಲಸಕ್ಕೆ ಚೆನ್ನ. ಚೀಲದೊಳಗೆ ಹಾಕಿದರೆ ಮುಳ್ಳುಹಂದಿ. ಆರು ನೂರು ಮಿ.ಮೀ. ಲೆನ್ಸಿನ ಹಕ್ಕಿಪ್ರಿಯರಿಗೆ ತೊಟ್ಟಿಲಿನಂತೆ ತೂಗುವ ಗಿಂಬಲ್ ಹೆಡ್ ಬೇಕು, ಆದರೆ ಅವರು ಹಗುರದ ಮಾತನ್ನು ಮೊದಲೇ ಕೈಬಿಟ್ಟವರು. ಕ್ಯಾಮೆರಾದ ಅಡಿಗೆ ಹಾಕುವ ಪ್ಲೇಟು ಆರ್ಕಾ-ಸ್ವಿಸ್ ನಮೂನೆಯದೇ ಇರಲಿ. ಸುಮಾರು 38 ಮಿ.ಮೀ. ಅಗಲದ ಆ ಕಚ್ಚು ಇಂದು ಹತ್ತಾರು ಕಂಪನಿಗಳ ಸಾಮಾನ್ಯ ಭಾಷೆ. ಸ್ವಂತದ್ದೇ ಒಂದು ಪ್ಲೇಟು ಮಾಡಿಟ್ಟ ಕಂಪನಿಯನ್ನು ನಂಬಿದರೆ, ಅದು ಕಳೆದ ದಿನ ಇಡೀ ಟ್ರೈಪಾಡು ಊರುಗೋಲಾಗುತ್ತದೆ. ಸ್ಕ್ರೂ ಬಗ್ಗೆ ಚಿಂತೆಯಿಲ್ಲ. ಕಾಲಿಂಚು ಮತ್ತು ಎಂಟನೇ ಮೂರಿಂಚಿನ ಎರಡೇ ಅಳತೆಗಳು ಜಗತ್ತಿಗೆಲ್ಲ.

ಲಾಕುಗಳಲ್ಲಿ ಎರಡು ಬಗೆ, ತಿರುಗಿಸುವವು ಮತ್ತು ಚಿಮ್ಮಿಸುವವು. ಚಿಮ್ಮಿಸುವವು ಹಾಕಿವೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಆದರೆ ಪೊದೆಯಲ್ಲಿ ಬಳ್ಳಿಗೆ ಸಿಕ್ಕುತ್ತವೆ. ತಿರುಗಿಸುವವು ನುಣುಪು, ಆದರೆ ಗೋಕರ್ಣದ ಮರಳು ಒಳಹೊಕ್ಕರೆ ಕರಕರ ಎನ್ನುತ್ತವೆ. ಕರಾವಳಿಯಲ್ಲಿ ಕೆಲಸ ಮಾಡುವವರು ಒಂದು ಉಪಾಯ ಮಾಡುತ್ತಾರೆ. ನೀರಿಗಿಳಿಯುವ ಮುಂಚೆ ಎಲ್ಲಕ್ಕಿಂತ ಕೆಳಗಿನ, ಸಣ್ಣ ತುಂಡನ್ನೇ ಪೂರ್ತಿ ಎಳೆಯುತ್ತಾರೆ. ಲಾಕು ಅಲೆಗಿಂತ ಮೇಲಿರುತ್ತದೆ. ಮನೆಗೆ ಬಂದ ರಾತ್ರಿಯೇ, ಬೆಳಗ್ಗೆ ನೋಡೋಣ ಎನ್ನದೆ, ಸಿಹಿನೀರಿನಲ್ಲಿ ತೊಳೆದು ಕಾಲುಗಳನ್ನು ಎಳೆದೇ ಒಣಗಲು ಬಿಡಬೇಕು. ಲಾಕು ಬಿಚ್ಚಿ ಒರೆಸಿ ಮತ್ತೆ ಜೋಡಿಸಲು ಬರುವ, ಬಿಡಿಭಾಗ ಸಿಗುವ ಟ್ರೈಪಾಡನ್ನೇ ಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮಳೆಗಾಲದ ಮಲೆನಾಡಿನಲ್ಲಿ ಕಾಲುಗಳ ಸಂದಿಯಲ್ಲಿ ಇಂಬಳ ಕೂತು ಮನೆಯವರೆಗೂ ಬರುತ್ತದೆ, ಅದಕ್ಕೆ ಯಾವ ಕಂಪನಿಯೂ ಹೊಣೆಯಲ್ಲ.

ಹಗುರದ ಟ್ರೈಪಾಡಿಗೆ ಬೇಕಾದಾಗ ಭಾರ ಸೇರಿಸಬಹುದು, ಭಾರದ್ದರಿಂದ ಕಳೆಯಲು ಬರುವುದಿಲ್ಲ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಗಾಳಿಗೆ ಮಾತನಾಡಿದ್ದು ಕೇಳಿಸುವುದಿಲ್ಲ. ಅಲ್ಲಿ ನಡುವಿನ ಕೊಕ್ಕೆಗೆ ಚೀಲ ತೂಗುಹಾಕುತ್ತಾರೆ. ಆದರೆ ಗಾಳಿಯಲ್ಲಿ ಜೋಲಾಡುವ ಚೀಲ ಗಂಟೆಯ ನಾಲಿಗೆಯಂತೆ ಕಾಲುಗಳನ್ನೇ ಅಲುಗಿಸುತ್ತದೆ. ಚೀಲದ ತಳ ನೆಲಕ್ಕೆ ತಾಗುವಷ್ಟು ಇಳಿಬಿಟ್ಟರೆ ಸರಿ. ಕ್ಯಾಮೆರಾದ ಪಟ್ಟಿ ಕಳಚಿಡಬೇಕು, ಕೆಳಗಿನ ತುಂಡುಗಳನ್ನು ಒಳಗೆ ತಳ್ಳಿ ದಪ್ಪ ಕೊಳವೆಗಳ ಮೇಲೆಯೇ ನಿಲ್ಲಿಸಬೇಕು. ಇಳಿಜಾರಿನಲ್ಲಿ ಎರಡು ಕಾಲು ಕೆಳಗೆ, ಒಂದು ಮೇಲೆ. ಉದ್ದ ಲೆನ್ಸಿನ ಮೂತಿ ಯಾವುದಾದರೊಂದು ಕಾಲಿನ ನೇರಕ್ಕಿರಲಿ.

ಟ್ರೈಪಾಡು ಬೇಡವೇ ಬೇಡ ಎನ್ನುವ ಜಾಗಗಳೂ ಇವೆ. ರಂಗನತಿಟ್ಟಿನ ದೋಣಿಯಲ್ಲಿ ಅದು ದೋಣಿಯ ಓಲಾಟವನ್ನೇ ಕ್ಯಾಮೆರಾಕ್ಕೆ ದಾಟಿಸುತ್ತದೆ. ಕಬಿನಿಯ ಸಫಾರಿ ಜೀಪಿನಲ್ಲಿ ಊರಲು ಜಾಗವಿಲ್ಲ. ಅಲ್ಲಿಗೆ ಬಟ್ಟೆಯ ಬೀನ್‌ಬ್ಯಾಗ್ ಸಾಕು, ಅದನ್ನೂ ಖಾಲಿ ಒಯ್ದು ಹತ್ತಿರದ ಊರಿನ ಅಂಗಡಿಯಲ್ಲಿ ಎರಡು ಕಿಲೋ ರಾಗಿ ತುಂಬಿಸುವುದು ನನ್ನ ಪದ್ಧತಿ. ಅಕ್ಕಿಗಿಂತ ರಾಗಿ ಸಣ್ಣ ಕಾಳು, ಲೆನ್ಸಿನ ಮೈಗೆ ಒತ್ತಿ ಕೂರುತ್ತದೆ. ವಾಪಸಾಗುವಾಗ ಯಾರಾದರೂ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಪುರಾತತ್ವ ಸರ್ವೇಕ್ಷಣೆಯ ರಕ್ಷಿತ ಸ್ಮಾರಕಗಳೊಳಗೆ ಟ್ರೈಪಾಡು ಹೂಡಲು ಮೊದಲೇ ಅನುಮತಿ ಬೇಕು. ಹಳೇಬೀಡಿನಲ್ಲೋ ಸೋಮನಾಥಪುರದಲ್ಲೋ ಕಾವಲುಗಾರನ ಜೊತೆ ವಾದಕ್ಕಿಳಿದು ಬೆಳಗಿನ ಬೆಳಕು ಕಳೆದುಕೊಂಡವರು ಬೇಕಾದಷ್ಟಿದ್ದಾರೆ.

ಕೊಳ್ಳಲು ಹೋದಾಗ ನಿಮ್ಮ ಕ್ಯಾಮೆರಾ ಮತ್ತು ನಿಮ್ಮಲ್ಲಿರುವ ಅತಿ ಉದ್ದದ ಲೆನ್ಸನ್ನೇ ಒಯ್ಯಿರಿ. ಟ್ರೈಪಾಡಿನ ಮೇಲೆ ಕೂರಿಸಿ, ರಸ್ತೆಯಾಚೆಯ ಬೋರ್ಡಿನ ಒಂದು ಅಕ್ಷರವನ್ನು ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ. ಈಗ ಒಂದು ಕಾಲಿಗೆ ಬೆರಳಿನಿಂದ ತಟ್ಟಿ ಎಣಿಸಿ. ಒಂದು ಸೆಕೆಂಡಿನಲ್ಲಿ ಅಕ್ಷರ ನಿಂತರೆ ಮಾತು ಮುಂದುವರಿಸಬಹುದು. ಮೂರು ಎಣಿಸಿದರೂ ಕುಣಿಯುತ್ತಿದ್ದರೆ ಬೆಲೆ ಕೇಳಬೇಡಿ. ಆಮೇಲೆ ಮೇಲಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಟ್ಟು ಬೀಸುವಂತೆ ತಿರುಚಿ ನೋಡಿ. ಅಗ್ಗದ ಟ್ರೈಪಾಡಿನ ಗುಟ್ಟು ಹೊರಬೀಳುವುದು ಬಾಗುವಿಕೆಯಲ್ಲಲ್ಲ, ಈ ತಿರುಚಿನಲ್ಲಿ. ಇಂಥ ಪರೀಕ್ಷೆಯಲ್ಲಿ ಹತ್ತು ವರ್ಷ ಹಳೆಯ, ಬಣ್ಣ ಹೋದ, ಒಳ್ಳೆಯ ಕಂಪನಿಯ ಅಲ್ಯೂಮಿನಿಯಂ ಟ್ರೈಪಾಡು ಹೊಸ ಹೊಳಪಿನವನ್ನು ಸೋಲಿಸಿದ್ದನ್ನು ಕಂಡಿದ್ದೇನೆ. ಕ್ಯಾಮೆರಾದ ಹಾಗೆ ಟ್ರೈಪಾಡಿಗೆ ಹಳತಾಗುವ ರೋಗವಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳಲು ನಾಚಿಕೆಪಡಬೇಕಾದ್ದಿಲ್ಲ.

ಈಗ ನನ್ನ ಬಳಿ ಇರುವುದು ಅಂಥದ್ದೇ ಒಂದು, ಸೆಕೆಂಡ್ ಹ್ಯಾಂಡ್ ಕಾರ್ಬನ್ನಿನದು. ಮೇಲುಕಾಲು 28 ಮಿ.ಮೀ., ನಾಲ್ಕು ತುಂಡು, ನಡುಕಂಬ ಕಳಚಿಟ್ಟದ್ದು, ಹೆಡ್ಡು ಸೇರಿ ಎರಡು ಕಿಲೋ. ಪೂರ್ತಿ ಎಳೆದರೆ ನನ್ನ ಎದೆಯ ಮಟ್ಟ. ಗುಡ್ಡದ ಮೇಲೆ ಜೊತೆಗಾರರು ನಿಂತು ನೋಡುವಾಗ ನಾನು ಬಹುಪಾಲು ಮಂಡಿಯೂರಿರುತ್ತೇನೆ. ಒದ್ದೆ ಹುಲ್ಲು, ಕಲ್ಲು, ಮುಳ್ಳು ಯಾವುದೂ ಐವತ್ತು ದಾಟಿದ ಮಂಡಿಗೆ ಹಿತವಲ್ಲ. ಅದಕ್ಕೆಂದು ಗೋಣಿಚೀಲದ ಒಂದು ತುಂಡನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದೇನೆ. ಅದರ ತೂಕ ಎಷ್ಟೆಂದು ನೋಡಿಲ್ಲ.